ಕ್ಯಾಂಪಸ್ ಕಸದಿಂದ ಗೊಬ್ಬರ: ಮೊದಲು ತರಗೆಲೆ ಕೂಡಿಡಿ

ಕ್ಯಾಂಪಸ್ಸಿನ ಕಸದಿಂದ ಅಲ್ಲೇ ಗೊಬ್ಬರ ಮಾಡ್ತೀವಿ ಅಂದಾಗ ಎಲ್ಲರೂ ಕೇಳಿದ್ದು ಒಂದೇ: ಯಾವ ಮಷೀನ್ ತರಿಸ್ತೀರಿ? ನಾವು ಮಷೀನ್ ತರಿಸಲಿಲ್ಲ. ಮೊದಲು ತರಗೆಲೆ ಕೂಡಿಡಲು ಜಾಗ ಹುಡುಕಿದೆವು.

ಊಟದ ಕಸ ಬರುವುದು ಸೆಮಿಸ್ಟರ್ ಲೆಕ್ಕದಲ್ಲಿ. ರಜೆ ಬಂತೆಂದರೆ ನಿಂತೇ ಹೋಗುತ್ತದೆ. ಮರಗಳಿಗೆ ಈ ಟೈಮ್‌ಟೇಬಲ್ ಗೊತ್ತಿಲ್ಲ. ಹೆಚ್ಚಿನವು ಕೆಲವೇ ವಾರಗಳಲ್ಲಿ ಎಲೆಯೆಲ್ಲ ಉದುರಿಸಿ ಸುಮ್ಮನಾಗುತ್ತವೆ. ಆ ಎಲೆಯನ್ನು ಗುಡಿಸಿ ಹೊರಗೆ ಸಾಗಿಸಿದರೆ, ಆಮೇಲೆ ಕೈಯಲ್ಲಿ ಉಳಿಯುವುದು ಬರೀ ಹಸಿ ಕಸ. ಅದಷ್ಟನ್ನೇ ರಾಶಿ ಹಾಕಿದರೆ ಗೊಬ್ಬರ ಆಗುವುದಿಲ್ಲ, ಕೊಳೆತು ನಾರುತ್ತದೆ.

ಸೂಕ್ಷ್ಮಜೀವಿಗಳಿಗೆ 1 ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಊಟದ ಕಸದಲ್ಲಿ ಇಂಗಾಲ ಇರುವುದು ಸುಮಾರು 15 ಪಾಲು, ಒಣ ಎಲೆಯಲ್ಲಿ 50ರ ಆಸುಪಾಸು ಅಥವಾ ಇನ್ನೂ ಜಾಸ್ತಿ. ದಿನಾ ತೂಕ ಹಾಕಿ ಲೆಕ್ಕ ಮಾಡುವ ಗೋಜಿಗೆ ನಾವು ಹೋಗಲಿಲ್ಲ. ಒಂದು ಬಕೆಟ್ ಊಟದ ಕಸಕ್ಕೆ ಎರಡು ಮೂರು ಬಕೆಟ್ ಒಣ ಎಲೆ, ಅಷ್ಟೇ. ಜೊತೆಗೆ ಕೊಂಬೆ ಕತ್ತರಿಸಿದ ಚೂರು ಸ್ವಲ್ಪ ಇರಲಿ. ಎಲೆ ಒದ್ದೆಯಾದರೆ ಪದರ ಪದರವಾಗಿ ಅಂಟಿಕೊಂಡು ಗಾಳಿ ತಡೆಯುತ್ತದೆ, ಚೂರುಗಳು ಅದನ್ನು ಬಿಡಿಸಿ ಇಡುತ್ತವೆ. ಆಗಷ್ಟೇ ಕತ್ತರಿಸಿದ ಹುಲ್ಲು ತೋಟದ ಕಸವೇ ಆದರೂ ಅದರಲ್ಲಿ ಸಾರಜನಕ ಜಾಸ್ತಿ. ಅದನ್ನು ಊಟದ ಕಸದ ಲೆಕ್ಕಕ್ಕೇ ಸೇರಿಸಿ. ಕಳೆನಾಶಕ ಹೊಡೆದ ಹುಲ್ಲನ್ನಂತೂ ನಾವು ಮುಟ್ಟಲೇ ಇಲ್ಲ. ಕೆಲವು ಕಳೆನಾಶಕಗಳು ಗೊಬ್ಬರದಲ್ಲೂ ಉಳಿದುಕೊಂಡು ಗಿಡಗಳನ್ನು ಹಾಳುಮಾಡುತ್ತವೆ.

ಶುರು ಮಾಡಿದ್ದು ಅಡುಗೆಮನೆಯ ಹಿಂಬಾಗಿಲಿನಿಂದ. ಸಿಪ್ಪೆ, ದಂಟು, ಕೊಳೆತ ತರಕಾರಿ. ಅಲ್ಲಿ ಕೆಲಸ ಮಾಡುವವರು ಕೆಲವೇ ಜನ, ಒಮ್ಮೆ ಕೂತು ಮಾತಾಡಿದರೆ ಸಾಕು. ತಟ್ಟೆಯಲ್ಲಿ ಉಳಿದದ್ದನ್ನು ಆಮೇಲೆ ಸೇರಿಸಿದೆವು. ತಲೆನೋವು ಶುರುವಾದದ್ದೇ ಆಗ. ಚಮಚ, ಸಾಸ್ ಪೊಟ್ಟಣ, ಹಣ್ಣಿನ ಸ್ಟಿಕ್ಕರ್, ಎಲ್ಲವೂ ಬಕೆಟ್ಟಿಗೆ. ಪೇಪರ್ ಕಪ್ ಬರೀ ಕಾಗದ ಅಂದುಕೊಳ್ಳುವವರೇ ಜಾಸ್ತಿ, ಆದರೆ ಸಾಮಾನ್ಯವಾಗಿ ಅದರ ಒಳಗೆ ಪ್ಲಾಸ್ಟಿಕ್ ಪದರ ಇರುತ್ತದೆ. ‘ಕಾಂಪೋಸ್ಟ್ ಆಗುತ್ತೆ’ ಅಂತ ಬರೆದ ಚಮಚಗಳೂ ನಮ್ಮ ರಾಶಿಯಿಂದ ಹಾಗೇ ಹೊರಬಂದವು. ಅಂಥವಕ್ಕೆ ದೊಡ್ಡ ಘಟಕಗಳಲ್ಲಿ ಸಿಗುವಂಥ ಬಿಡದ ಶಾಖ ಬೇಕು. ಪೋಸ್ಟರ್ ಎಷ್ಟು ಅಂಟಿಸಿದರೂ ಓದುವವರು ಕಡಿಮೆ, ವರ್ಷಾ ವರ್ಷಾ ಹೊಸ ಬ್ಯಾಚ್ ಬೇರೆ. ಊಟದ ಹೊತ್ತಿನಲ್ಲಿ ಬಕೆಟ್ ಪಕ್ಕ ಒಬ್ಬರು ನಿಂತು ತೋರಿಸಿದರೆ ಆಗುವ ಕೆಲಸ ಹತ್ತು ಪೋಸ್ಟರಿನಿಂದಲೂ ಆಗುವುದಿಲ್ಲ.

ರಾಶಿ ಉದ್ದ, ಅಗಲ, ಎತ್ತರ ಎಲ್ಲದರಲ್ಲೂ ಕನಿಷ್ಠ 1 ಮೀಟರ್ ಇರಲಿ. ಚಿಕ್ಕದಾದರೆ ಶಾಖ ನಿಲ್ಲುವುದಿಲ್ಲ. ರೋಗಾಣು ಸಾಯಲು ಮಗುಚುವ ರಾಶಿಗೆ ಪಾಲಿಸುವ ನಿಯಮ ಹೀಗಿದೆ: 55 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಮೇಲೆ 15 ದಿನ, ಅಷ್ಟರಲ್ಲಿ ಕನಿಷ್ಠ 5 ಸಲ ಮಗುಚಬೇಕು. ಉದ್ದ ಕಡ್ಡಿಯ ಥರ್ಮಾಮೀಟರ್ ಒಂದು ಕೊಳ್ಳಿ, ನಮಗೆ ನಿಜಕ್ಕೂ ಬೇಕಾದ ಉಪಕರಣ ಅದೊಂದೇ. 70 ಡಿಗ್ರಿ ಹತ್ತಿರ ಬಂದರೆ ಕೆಲಸ ಮಾಡುವ ಜೀವಿಗಳೇ ಸಾಯುತ್ತವೆ, ತಕ್ಷಣ ಮಗುಚಬೇಕು. ತೇವ ನೋಡಲು ಒಂದು ಹಿಡಿ ತೆಗೆದು ಹಿಂಡಿ. ಕೈ ಒದ್ದೆಯಾಗಬೇಕು, ನೀರು ಸುರಿಯಬಾರದು.

ವಾಸನೆಯ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಹಾಸ್ಟೆಲ್ ಕಡೆಗೆ ಒಂದು ಸಂಜೆ ನಾತ ಹೋದರೂ ದೂರು ಮೇಲಿನವರೆಗೂ ಹೋಗುತ್ತದೆ, ಅಲ್ವಾ? ಮೂಗಿಗೆ ಚುಚ್ಚುವ ಅಮೋನಿಯಾ ವಾಸನೆ ಬಂದರೆ ಎಲೆ ಸಾಲದು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲದು, ನೀರು ಜಾಸ್ತಿಯಾಗಿದೆ. ಹೊಸ ಕಸವನ್ನು ರಾಶಿಯ ನಡುವೆ ಹೂತು, ಮೇಲೆ ಹಳೆಯ ಗೊಬ್ಬರದ ದಪ್ಪ ಪದರ ಹಾಕುವುದು ನಮ್ಮ ಪದ್ಧತಿ. ನೊಣದ ಕಾಟವೂ ಇದರಿಂದಲೇ ಇಳಿಯಿತು.

ಶಾಖ ಇಳಿದ ಮೇಲೂ ಕೆಲವು ವಾರ ಮಾಗಲು ಬಿಡಿ. ಬೇಗ ಮೊಳೆಯುವ ಬೀಜ ಹಾಕಿ ನೋಡಿ. ಮೊಳಕೆ ಸೊರಗಿದರೆ ಗೊಬ್ಬರ ಇನ್ನೂ ಹಸಿ ಅಂತ ಅರ್ಥ. ಜರಡಿಯಲ್ಲಿ ಉಳಿದ ಕೊಂಬೆ ಚೂರುಗಳನ್ನು ಎಸೆಯಬೇಡಿ. ಅವಕ್ಕೆ ಸೂಕ್ಷ್ಮಜೀವಿಗಳು ಅಂಟಿಕೊಂಡಿರುತ್ತವೆ, ಮುಂದಿನ ರಾಶಿಯ ತಳಕ್ಕೆ ಹಾಕಿ.