ಡುಬ್ಬ ಇರುವ ಎತ್ತು, ಬಾಲ ಎತ್ತಿದ ಆಡು: ಆಟದ ಹಟ್ಟಿ ಮನೆಯಲ್ಲೇ ಮಾಡಿ

ನಮ್ಮ ಮನೆಗೆ ಉಡುಗೊರೆಯಾಗಿ ಬಂದ ಪ್ಲಾಸ್ಟಿಕ್ ಸೆಟ್‌ನಲ್ಲಿ ಕೋಳಿ ಕುರಿಯಷ್ಟೇ ಎತ್ತರ ಇತ್ತು. ಹಸು ಕಪ್ಪು-ಬಿಳಿ ಮಚ್ಚೆಯದು, ಬೆನ್ನು ಹಲಗೆಯ ಹಾಗೆ ನೇರ. ಡೇರಿಗೆ ಹಾಲು ಹಾಕುವವರ ಕೊಟ್ಟಿಗೆಯಲ್ಲಿ ಇಂಥ ಎಚ್‌ಎಫ್ (ಹೋಲ್‌ಸ್ಟೈನ್ ಫ್ರೀಸಿಯನ್ ಎಂಬ ವಿದೇಶಿ ತಳಿ) ಹಸು ಇರುತ್ತದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಡುಬ್ಬ ಇರುವ ನಾಟಿ ಹಸು ಒಂದೂ ಇರಲಿಲ್ಲ. ಎಮ್ಮೆಯಂತೂ ಇಲ್ಲವೇ ಇಲ್ಲ. ಎಮ್ಮೆ ಇಲ್ಲದ ಹಟ್ಟಿ ಯಾವ ಸೀಮೆಯದು ಹೇಳಿ!

ಉತ್ತರ ಕರ್ನಾಟಕದವರಿಗೆ ಮಣ್ಣಿನ ಎತ್ತು ಹೊಸದಲ್ಲ. ಕಾರಹುಣ್ಣಿಮೆ ಕಳೆದು ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಜೋಡೆತ್ತು, ಗ್ವಾದಲಿ (ದನಕ್ಕೆ ಮೇವು ಹಾಕುವ ತೊಟ್ಟಿ) ಮಾಡಿ ಪೂಜಿಸುತ್ತಾರೆ. ಅದೇ ಕೈಕೆಲಸಕ್ಕೆ ಸ್ವಲ್ಪ ಅಳತೆ ಸೇರಿಸಿದರೆ ಸಾಕು.

ಮೊದಲು ನೋಡಿ, ಆಮೇಲೆ ಮಣ್ಣು

ಮಗುವನ್ನು ಕರೆದುಕೊಂಡು ಹೋಗಿ ಒಂದು ಹಸುವನ್ನು ಹತ್ತು ನಿಮಿಷ ಸುಮ್ನೆ ನೋಡಿ. ಕಿವಿ ಕೊಂಬಿನ ಮುಂದೋ ಕೆಳಗೋ? ಗೊರಸು ಸೀಳಿದೆಯಾ? ದನ, ಕುರಿ, ಆಡು, ಹಂದಿಗೆ ಸೀಳು ಗೊರಸು. ಕುದುರೆ, ಕತ್ತೆಗೆ ಒಂದೇ ಗೊರಸು. ಆಡಿನ ಬಾಲ ಸಾಮಾನ್ಯವಾಗಿ ಮೇಲಕ್ಕೆ ಎತ್ತಿರುತ್ತದೆ, ಕುರಿಯದು ಕೆಳಗೆ ಇಳಿಬಿದ್ದಿರುತ್ತದೆ. ದೂರದಿಂದ ಇವೆರಡನ್ನು ಗುರುತಿಸಲು ಇಷ್ಟು ಸಾಕು. ದೊಡ್ಡವರಿಗೂ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ, ಅಲ್ವಾ?

ಅಳತೆ: ಹತ್ತಕ್ಕೆ ಒಂದು

ನಿಜವಾದ ಎತ್ತರದ ಹತ್ತನೇ ಒಂದು ಪಾಲು ಇಟ್ಟುಕೊಳ್ಳಿ, ಲೆಕ್ಕ ಸುಲಭ. ಹೆಗಲವರೆಗೆ ಸುಮಾರು 130 ಸೆಂ.ಮೀ. ಇರುವ ಹಳ್ಳಿಕಾರ್ ತಳಿಯ ಎತ್ತು 13 ಸೆಂ.ಮೀ. ಆಗುತ್ತದೆ. ಮಲೆನಾಡು ಗಿಡ್ಡ ತಳಿಯ ಹಸು 9 ಸೆಂ.ಮೀ., ಕುರಿ 6, ಕೋಳಿ 4. ಎಲ್ಲವನ್ನೂ ಸಾಲಾಗಿ ನಿಲ್ಲಿಸಿದಾಗ ಗಿಡ್ಡಕ್ಕೆ ಆ ಹೆಸರು ಯಾಕೆ ಬಂತು ಎಂದು ಮಗುವಿಗೆ ಹೇಳಿಕೊಡಬೇಕಾಗಿಲ್ಲ. ಮಣ್ಣು ಒಣಗಿದಾಗ ಕುಗ್ಗುತ್ತದೆ. ಹಾಗಾಗಿ 13 ಬೇಕಿದ್ದರೆ 14ಕ್ಕೆ ಮಾಡಿ.

ಮಣ್ಣು ಹದ ಮಾಡುವುದು

ಬರೀ ಎರೆಮಣ್ಣು ಒಣಗುವಾಗ ಬಿರುಕು ಬಿಡುವುದು ಜಾಸ್ತಿ. ಪೂಜೆಯ ಎತ್ತಿಗೆ ನಡೆಯುತ್ತದೆ, ಆಟದ ಎತ್ತಿಗೆ ಆಗದು. ಕುಂಬಾರರ ಹತ್ತಿರ ಜೇಡಿಮಣ್ಣು ಸಿಕ್ಕರೆ ಒಳ್ಳೆಯದು. ಹಳೆಯ ಪೇಪರನ್ನು ಚೂರು ಮಾಡಿ ರಾತ್ರಿಯಿಡೀ ನೆನೆಸಿ, ರುಬ್ಬಿ, ಹಿಂಡಿ. ಮೂರು ಲೋಟ ಮಣ್ಣಿಗೆ ಒಂದು ಲೋಟ ಈ ಕಾಗದದ ಹಿಟ್ಟು. ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿಯಾಗುವ ತನಕ ನಾದಿ. ಕಾಗದದ ನಾರು ಮಣ್ಣನ್ನು ಹಿಡಿದಿಡುತ್ತದೆ, ಕಾಲು ಬೇಗ ಮುರಿಯುವುದಿಲ್ಲ.

ಎತ್ತು ಮಾಡುವುದು

ಮೈಗೆ ಒಂದು ಉದ್ದುಂಡೆ, ಕಾಲಿಗೆ ನಾಲ್ಕು ದಪ್ಪ ಬತ್ತಿ. ಸೇರಿಸುವ ಕಡೆ ಎರಡೂ ಭಾಗವನ್ನು ಕಡ್ಡಿಯಿಂದ ಗೀರಿ, ನೀರುಮಣ್ಣು ಹಚ್ಚಿ ಒತ್ತಿ. ಸುಮ್ನೆ ಅಂಟಿಸಿದರೆ ಒಣಗಿದ ಮೇಲೆ ಕಳಚಿ ಬೀಳುತ್ತದೆ. ಹೊಟ್ಟೆಯ ಕೆಳಗೆ ಪೇಪರಿನ ಉಂಡೆ ಇಟ್ಟು ಆಸರೆ ಕೊಡಿ. ಹೆಗಲ ಮೇಲೆ ಡುಬ್ಬ, ಕತ್ತಿನ ಕೆಳಗೆ ಜೋತಾಡುವ ಗಂಗೆದೊಗಲು. ಇವೆರಡು ಬಂದರೆ ಅರ್ಧ ಎತ್ತು ಬಂದ ಹಾಗೆ. ಎಮ್ಮೆಗೆ ಡುಬ್ಬ ಬೇಡ. ಮೈ ಅಗಲ ಮಾಡಿ. ಬನ್ನೂರು ಕುರಿಯ ಕಾಲು ಮೋಟು, ಮೈ ದುಂಡು. ಹಿಂದಿನಿಂದ ನೋಡಿದರೆ ಲಾಳವನ್ನು ಬಾಯಿ ಕೆಳಗೆ ಮಾಡಿ ನಿಲ್ಲಿಸಿದ ಹಾಗೆ ಕಾಣಬೇಕು.

ಇನ್ನು ಕೊಂಬು. ನನಗೆ ಕಷ್ಟ ಕೊಟ್ಟಿದ್ದು ಇದೇ. ಹಳ್ಳಿಕಾರ್ ಕೊಂಬು ಉದ್ದ, ಹಿಂದಕ್ಕೆ ಬಾಗಿ ತುದಿ ಚೂಪಾಗಿರುತ್ತದೆ. ಮಣ್ಣಿನಲ್ಲಿ ಮಾಡಿದರೆ ಎರಡನೇ ದಿನಕ್ಕೇ ಢಮಾರ್. ಕಡ್ಡಿ ಚುಚ್ಚಿಟ್ಟು ಒಣಗಿಸಿದೆ. ಮಣ್ಣು ಕುಗ್ಗಿತು, ಕಡ್ಡಿ ಕುಗ್ಗಲಿಲ್ಲ, ತಲೆ ಬಿರುಕು ಬಿಟ್ಟಿತು. ಈಗ ಹೀಗೆ ಮಾಡುತ್ತೇನೆ: ಹಸಿ ಇದ್ದಾಗ ತೂತು ಮಾಡಿ ಕಡ್ಡಿ ತೆಗೆದುಬಿಡುತ್ತೇನೆ. ಪೂರ್ತಿ ಒಣಗಿದ ಮೇಲೆ, ಸುರುಳಿ ಸುತ್ತಿ ಅಂಟು ಹಚ್ಚಿದ ಕಾಗದದ ಕೊಂಬನ್ನು ಬಾಗಿಸಿ ಸಿಕ್ಕಿಸುತ್ತೇನೆ. ತುದಿ ಮಾತ್ರ ಮೊಂಡಾಗಿಯೇ ಇರಲಿ. ತದ್ರೂಪಕ್ಕಿಂತ ಮಗುವಿನ ಕಣ್ಣು ಮುಖ್ಯ.

ಒಣಗಿಸಿ, ಬಣ್ಣ ಹಚ್ಚಿ

ನೆರಳಲ್ಲಿ ನಾಲ್ಕೈದು ದಿನ ಇಡಿ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಬಿಸಿಲಿಗೆ ಇಟ್ಟರೆ ಹೊರಗೆ ಒಣಗಿ ಒಳಗೆ ಹಸಿ ಉಳಿದು ಸೀಳುತ್ತದೆ. ಹಳ್ಳಿಕಾರ್‌ನ ಬೂದು ಬಣ್ಣಕ್ಕೆ ಮಕ್ಕಳ ಬಿಳಿ ಪೋಸ್ಟರ್ ಬಣ್ಣದ ಜೊತೆ ಒಂದು ಚಿಟಿಕೆ ಇದ್ದಿಲ ಪುಡಿ ಬೆರೆಸಿ. ಹೆಗಲು, ತೊಡೆಯ ಕಡೆ ಸ್ವಲ್ಪ ಗಾಢ. ಬಾಗಿಲಿಗೆ ಬಳಿಯುವ ಎನಾಮೆಲ್ ಬೇಡ, ಮಕ್ಕಳು ಬಾಯಿಗೆ ಇಟ್ಟುಕೊಳ್ಳುತ್ತಾರೆ.

ಮೂರು ವರ್ಷದೊಳಗಿನವರ ಕೈಗೆ ಈ ಮಣ್ಣಿನ ಹಟ್ಟಿ ಕೊಡಬೇಡಿ. ಚೂರು ಎದ್ದರೆ ಗಂಟಲಿಗೆ ಹೋಗಬಹುದು. ಆಟಿಕೆ ಸುರಕ್ಷತೆಯ ಪರೀಕ್ಷೆಯಲ್ಲಿ 31.7 ಮಿ.ಮೀ. ಅಗಲದ ಪುಟ್ಟ ಕೊಳವೆಯೊಳಗೆ ಪೂರ್ತಿ ಕೂರುವ ವಸ್ತು ಈ ವಯಸ್ಸಿಗೆ ಅಪಾಯ. ನಮ್ಮ ಕೋಳಿಮರಿ ಅಲ್ಲಿ ಖಂಡಿತ ಫೇಲ್. ಅಂಥವರಿಗೆ ಬಟ್ಟೆಯ ದೊಡ್ಡ ಹಸು ಹೊಲಿದುಕೊಡಿ. ಅಂಗಡಿಯಲ್ಲಿ ಕೊಳ್ಳುವುದಾದರೆ ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ ಆಟಿಕೆಗಳಿಗೆ ಅದು ಕಡ್ಡಾಯ.

ಆಡಿಸುವಾಗ

ರಟ್ಟಿನ ಡಬ್ಬಿ ಕೊಟ್ಟಿಗೆ, ತೆಂಗಿನ ಚಿಪ್ಪು ಗ್ವಾದಲಿ. ಹಸು ಮಲಗಿದ್ದು ಏಳುವುದು ಹೇಗೆ ಎಂದು ಕೇಳಿ. ಮಗು ಮೊದಲು ಮುಂಗಾಲು ಎತ್ತಿಸಿದರೆ ಅದು ಕುದುರೆ ಏಳುವ ರೀತಿ; ಹಸು ಹಿಂಭಾಗವನ್ನು ಮೊದಲು ಎತ್ತುತ್ತದೆ. ಮೆಲುಕು ಹಾಕುವವರು ಒಂದು ಕಡೆ, ಹಾಕದವರು ಇನ್ನೊಂದು ಕಡೆ ಎಂದು ವಿಂಗಡಿಸಲು ಹೇಳಿ. ಹಂದಿ, ಕುದುರೆ ಎಲ್ಲಿ ನಿಲ್ಲಬೇಕು ಎಂಬ ಜಗಳ ಶುರುವಾಗುತ್ತದೆ, ಆಗಲಿ. ಕಾಲು ಮುರಿದರೆ ಅಂಟು ಹಚ್ಚಿ ಕಾಗದದ ಪಟ್ಟಿ ಸುತ್ತಿ, ಮಗುವೇ ಪಶುವೈದ್ಯ. ಪೂರ್ತಿ ಪುಡಿಯಾದರೆ ಬಣ್ಣ ಕೆರೆದು ಬಕೆಟ್ ನೀರಿಗೆ ಹಾಕಿ. ನಾಳೆಗೆ ಮಣ್ಣಾಗುತ್ತದೆ, ಈ ಸಲ ಎಮ್ಮೆ ಮಾಡಬಹುದು.