‘ನಿಮಗೆ ಆಟಿಸಂ ಅಂತೆ, ಹೌದಾ?’ ಆಫೀಸಿನಲ್ಲಿ ಕೇಳಿದರೆ ಏನು ಹೇಳುವುದು

ಊಟದ ಹೊತ್ತು. ಟೇಬಲ್ ಸುತ್ತ ಆರು ಜನ. ನಾನು ಡಬ್ಬಿ ಮುಚ್ಚಳ ತೆಗೆಯುತ್ತಿದ್ದೆ. ಎದುರಿಗೆ ಕೂತಿದ್ದ ಸಹೋದ್ಯೋಗಿ ಕೇಳಿದರು: “ನಿಮಗೆ ಆಟಿಸಂ ಅಂತೆ, ಹೌದಾ? ನೋಡಿದ್ರೆ ಹಾಗೆ ಅನ್ಸೋದೇ ಇಲ್ವಲ್ಲ! ಮನೇಲಿ ಗೊತ್ತಾ? ಮದುವೆಗೆ ತೊಂದ್ರೆ ಆಗಲ್ವಾ?”

ಒಂದೇ ಉಸಿರಿಗೆ ಮೂರು ಪ್ರಶ್ನೆ. ನಾನು ಮೂರಕ್ಕೂ ಉತ್ತರ ಕೊಟ್ಟೆ, ಕೇಳಿದ ಕ್ರಮದಲ್ಲೇ. ಯಾವ ವಯಸ್ಸಿನಲ್ಲಿ ಗೊತ್ತಾಯಿತು, ಡಾಕ್ಟರ್ ಏನಂದರು, ಅಮ್ಮ ಎಷ್ಟು ಅತ್ತರು ಎಲ್ಲವನ್ನೂ ಹೇಳಿಬಿಟ್ಟೆ. ಅಷ್ಟರಲ್ಲಿ ಅನ್ನ ಆರಿಹೋಗಿತ್ತು. ರಾತ್ರಿ ನಿದ್ದೆ ಬರಲಿಲ್ಲ. ಅಮ್ಮ ಅತ್ತದ್ದನ್ನು ಅಲ್ಲಿ ಹೇಳಬಾರದಿತ್ತು.

ಆಟಿಸಂ ಅಂದರೆ ಮಿದುಳು ಬೆಳೆಯುವ ರೀತಿಯೇ ಬೇರೆಯಾಗಿರುವುದು; ಜನರೊಡನೆ ಬೆರೆಯುವುದು, ಮಾತು, ಸದ್ದು ಎಲ್ಲವೂ ಬೇರೆ ಥರ ಅನಿಸುತ್ತದೆ. ಅದು ಇರುವ ಎಷ್ಟೋ ಜನಕ್ಕೆ ಹೀಗಾಗುತ್ತದೆ. ಪ್ರಶ್ನೆ ಬಂತೆಂದರೆ ಉತ್ತರ ಕೊಡಲೇಬೇಕು, ಅದೂ ಪೂರ್ತಿ ಕೊಡಬೇಕು ಅನಿಸುತ್ತದೆ. ಥಟ್ಟನೆ ಮಾತು ತೇಲಿಸಿಬಿಡಲು ಬರುವುದಿಲ್ಲ. ಅದಕ್ಕೇ ಈ ತಯಾರಿಯನ್ನು ಮನೆಯಲ್ಲೇ ಮಾಡಿಕೊಳ್ಳಬೇಕು.

ಮೊದಲು ಬರೆದಿಟ್ಟುಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ಮೂರು ಭಾಗ ಮಾಡಿ. ಯಾರು ಕೇಳಿದರೂ ಹೇಳುವ ವಿಷಯ ಒಂದು ಕಡೆ. ಕೆಲಸಕ್ಕೆ ಬೇಕು ಅಂತ ಮ್ಯಾನೇಜರ್‌ಗೆ ಮಾತ್ರ ಹೇಳುವುದು ಇನ್ನೊಂದು ಕಡೆ. ಆಫೀಸಿನಲ್ಲಿ ಯಾರಿಗೂ ಹೇಳದ್ದು ಮೂರನೇ ಕಡೆ. ನನ್ನ ಹಾಳೆಯಲ್ಲಿ ‘ಗದ್ದಲ ತಡೆಯೋಕಾಗಲ್ಲ, ಅದಕ್ಕೆ ಹೆಡ್‌ಫೋನ್’ ಎಂಬುದು ಮೊದಲ ಭಾಗದಲ್ಲಿದೆ. ‘ಮೀಟಿಂಗಿನಲ್ಲಿ ಹೇಳಿದ ಕೆಲಸವನ್ನು ಮೇಲ್‌ನಲ್ಲೂ ಕಳಿಸಿ’ ಎಂಬುದು ಎರಡನೆಯದರಲ್ಲಿ. ಡಾಕ್ಟರ್, ಮದುವೆ, ಮನೆಯವರ ವಿಷಯ ಮೂರನೆಯದರಲ್ಲಿ. ನಿಮ್ಮ ಹಾಳೆ ಬೇರೆ ಥರ ಇರಬಹುದು.

ಆಮೇಲೆ ಒಂದು ಉತ್ತರ ಬಾಯಿಪಾಠ ಮಾಡಿ

“ಅದನ್ನ ಹೇಳ್ಕೊಳ್ಳೋಕೆ ಇಷ್ಟ ಇಲ್ಲ ಸರ್. ನಿಮ್ಮದು ಊಟ ಆಯ್ತಾ?” ನಾನು ಇಟ್ಟುಕೊಂಡಿರುವುದು ಇದನ್ನೇ. ಎರಡನೇ ಮಾತು ಮುಖ್ಯ. ಅದರಿಂದ ಮಾತು ಬೇರೆ ಕಡೆ ಹೊರಳುತ್ತದೆ, ಕೇಳಿದವರಿಗೂ ಮುಜುಗರ ತಪ್ಪುತ್ತದೆ. ಕನ್ನಡಿ ಮುಂದೆ ಹತ್ತು ಸಲ ಜೋರಾಗಿ ಹೇಳಿ. ಮನಸ್ಸಿನಲ್ಲೇ ಹೇಳಿಕೊಂಡರೆ ಸಮಯಕ್ಕೆ ಬಾಯಿಗೆ ಬರುವುದಿಲ್ಲ.

ಕಾರಣ ಕೊಡಬೇಡಿ. ಕಾರಣ ಕೊಟ್ಟರೆ ಅದರಿಂದಲೇ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. “ಯಾಕೆ, ಹೇಳಿದ್ರೆ ಏನಾಗುತ್ತೆ?” ಅಂತ ಮತ್ತೆ ಕೇಳಿದರೆ ಅದೇ ಮಾತನ್ನು ಅದೇ ದನಿಯಲ್ಲಿ ಇನ್ನೊಮ್ಮೆ ಹೇಳಿ.

ಬಾಯೇ ಕಟ್ಟಿಹೋದರೆ? ನನಗೂ ಹಾಗಾಗಿದೆ. ಎದ್ದು ಕೈ ತೊಳೆಯಲು ಹೋಗಿ. ಅರ್ಧ ಗಂಟೆ ಬಿಟ್ಟು ವಾಟ್ಸಾಪ್ ಮಾಡಿ: “ಊಟದ ಹೊತ್ತಲ್ಲಿ ಕೇಳಿದ್ರಲ್ಲ, ಆ ವಿಷಯ ಎಲ್ಲರ ಮುಂದೆ ಮಾತಾಡೋದು ಬೇಡ ಸರ್.” ತಡವಾಯಿತು ಅಂತ ಬಿಡಬೇಡಿ.

ಕೇಳುವವರೆಲ್ಲ ಕೆಟ್ಟವರಲ್ಲ

ನಮ್ಮಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರೂ ಸಂಬಳ ಎಷ್ಟು, ಮದುವೆ ಯಾವಾಗ ಅಂತ ಕೇಳುತ್ತಾರೆ ಅಲ್ವಾ? ಅಕ್ಕರೆಗೆ ಕೇಳುವವರೂ ಬಹಳ. ಒಮ್ಮೆ ಒಬ್ಬರು ಮೆಟ್ಟಿಲ ಹತ್ತಿರ ನಿಲ್ಲಿಸಿ, “ನನ್ನ ಮಗಳಿಗೆ ಮೂರು ವರ್ಷ, ಇನ್ನೂ ಮಾತು ಬಂದಿಲ್ಲ ಮೇಡಂ” ಅಂದರು. ಕೈಯಲ್ಲಿದ್ದ ಟೀ ಲೋಟ ನಡುಗುತ್ತಿತ್ತು. ಅವರ ಜೊತೆ ಕೂತು ಮಾತಾಡಿದೆ, ನಿಮ್ಹಾನ್ಸ್‌ನಲ್ಲಿ ತೋರಿಸಲು ಹೇಳಿದೆ. ಮೂರನೇ ಭಾಗದ್ದನ್ನೂ ಸ್ವಲ್ಪ ಹೇಳಿದೆ. ನನಗೇ ಹೇಳಬೇಕು ಅನಿಸಿತ್ತು.

ತಪ್ಪು ತಿಳಿವಳಿಕೆಗೆ ಚಿಕ್ಕ ಉತ್ತರ ಸಾಕು. ಲಸಿಕೆಯಿಂದ ಬಂತಾ ಅಂದರೆ, ಇಲ್ಲ. ಹಾಗೆ ಅನುಮಾನ ಹುಟ್ಟಿಸಿದ 1998ರ ಲೇಖನವನ್ನು ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ವಾಪಸ್ ತೆಗೆದುಕೊಂಡಿತು. ಮಾತ್ರೆ ತಗೊಂಡರೆ ಹೋಗುತ್ತಾ ಅಂದರೆ, ಇದು ಕಾಯಿಲೆಯಲ್ಲ, ಮಿದುಳು ಬೆಳೆದಿರುವ ರೀತಿಯೇ ಹಾಗೆ.

‘ನೋಡಿದ್ರೆ ಹಾಗೆ ಅನ್ಸಲ್ಲ’ ಎನ್ನುವುದು ಮಾತ್ರ ತುಂಬಾ ನೋಯಿಸುತ್ತದೆ. ಹೇಳುವವರು ಹೊಗಳಿಕೆ ಅಂದುಕೊಂಡಿರುತ್ತಾರೆ. ಹಾಗೆ ಕಾಣದಿರಲು ನಾವು ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ, ನಗುವ ಜಾಗದಲ್ಲಿ ನಕ್ಕು, ಟ್ಯೂಬ್‌ಲೈಟಿನ ಗುಂಯ್ ಸದ್ದನ್ನು ಎಂಟು ಗಂಟೆ ಸಹಿಸಿರುತ್ತೇವೆ. ಮನೆ ಬಾಗಿಲು ಹಾಕಿಕೊಂಡ ಮೇಲೆ ಒಂದು ಮಾತಾಡಲೂ ತ್ರಾಣವಿರುವುದಿಲ್ಲ. ನಾನೀಗ ಇಷ್ಟೇ ಹೇಳುತ್ತೇನೆ: “ಹಾಗೆ ಕಾಣದೇ ಇರೋಕೆ ತುಂಬಾ ಕಷ್ಟ ಪಡ್ತೀನಿ.” ಕೆಲವರು ಆಗ ಸುಮ್ಮನಾಗಿ ಯೋಚಿಸುತ್ತಾರೆ.

ಬೇಡವೆಂದರೂ ಬಿಡದಿದ್ದರೆ

ಅಂದಂದೇ ಬರೆದಿಡಿ. ದಿನಾಂಕ, ಜಾಗ, ಅವರು ಆಡಿದ ಮಾತು, ಪಕ್ಕದಲ್ಲಿ ಯಾರಿದ್ದರು ಇಷ್ಟು ಸಾಕು. ಎರಡು-ಮೂರು ಸಲವಾದರೆ ಮ್ಯಾನೇಜರ್‌ಗೆ ಅಥವಾ ಎಚ್‌ಆರ್‌ಗೆ ಮೇಲ್ ಮಾಡಿ. ಬಾಯಲ್ಲಿ ಹೇಳಿ ಬಿಡಬೇಡಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ಬಗೆಗಳಲ್ಲಿ ಆಟಿಸಂ ಕೂಡ ಒಂದು. ಅಂಗವಿಕಲ ನೌಕರರಿಗೆ ಏನೇನು ಅನುಕೂಲ ಮಾಡಿಕೊಡುತ್ತೇವೆ ಎಂದು ಹೇಳುವ ಸಮಾನ ಅವಕಾಶ ನೀತಿಯನ್ನು ಖಾಸಗಿ ಕಂಪನಿಗಳೂ ಪ್ರಕಟಿಸಬೇಕು. 20 ಅಥವಾ ಅದಕ್ಕಿಂತ ಜಾಸ್ತಿ ನೌಕರರಿದ್ದರೆ ಅದನ್ನು ನೋಡಿಕೊಳ್ಳಲು ಸಂಪರ್ಕ ಅಧಿಕಾರಿಯೊಬ್ಬರನ್ನು ನೇಮಿಸಬೇಕು. ಆ ನೀತಿಯ ಪ್ರತಿ ಕೇಳಿ, ಆ ಅಧಿಕಾರಿ ಯಾರೆಂದು ತಿಳಿದುಕೊಳ್ಳಿ. ಊಟದ ಟೇಬಲ್ಲಿನ ಕುತೂಹಲ ಅಪರಾಧವಲ್ಲ. ಆದರೆ ಅವಮಾನ ಮಾಡಲೆಂದೇ ಎಲ್ಲರೆದುರು ಹೀಯಾಳಿಸಿದರೆ 6 ತಿಂಗಳಿಂದ 5 ವರ್ಷದವರೆಗೆ ಜೈಲು ಎಂದು ಇದೇ ಕಾಯ್ದೆಯ 92ನೇ ಕಲಂ ಹೇಳುತ್ತದೆ. ಆಫೀಸಿನವರು ಕಿವಿಗೆ ಹಾಕಿಕೊಳ್ಳದಿದ್ದರೆ ಬೆಂಗಳೂರಿನಲ್ಲಿರುವ, ಅಂಗವಿಕಲರ ದೂರು ಕೇಳುವ ರಾಜ್ಯ ಆಯುಕ್ತರ ಕಚೇರಿಗೆ ದೂರು ಬರೆಯಬಹುದು. ಕಳಿಸಿದ ಪ್ರತಿಯೊಂದರ ನಕಲನ್ನು ಮನೆಯಲ್ಲಿ ಇಟ್ಟುಕೊಳ್ಳಿ.