ಕಾಲಿ ಲಿನಕ್ಸ್‌ನಲ್ಲಿ ವೈಫೈ ಕಾರ್ಡ್ ಕಾಣುತ್ತಿಲ್ಲವೇ? ಮೊದಲು ಚಿಪ್ ಯಾವುದೆಂದು ನೋಡಿ

ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಓಡಿಸುವ ವರ್ಚುವಲ್‌ಬಾಕ್ಸ್ ಒಳಗೆ, ಭದ್ರತಾ ಪರೀಕ್ಷೆಗೆಂದೇ ಇರುವ ಕಾಲಿ ಲಿನಕ್ಸ್ ಓಡುತ್ತಿದೆ, ಬ್ರೌಸರ್ ತೆರೆದರೆ ಇಂಟರ್ನೆಟ್ ಬರುತ್ತದೆ. ಆದರೆ ಟರ್ಮಿನಲ್‌ನಲ್ಲಿ ‘ಐಡಬ್ಲ್ಯೂ ಡೆವ್’ ಎಂದು ಹೊಡೆದರೆ ಏನೂ ಇಲ್ಲ. ಏನೋ ಕೆಟ್ಟಿದೆ ಎಂದುಕೊಳ್ಳಬೇಡಿ. ಲ್ಯಾಪ್‌ಟಾಪಿನ ಸ್ವಂತ ವೈಫೈ ಕಾರ್ಡ್ ಹೊರಗಿನ ವಿಂಡೋಸ್ ಕೈಯಲ್ಲೇ ಇರುತ್ತದೆ. ಒಳಗಿರುವ ಕಾಲಿಗೆ ಕಾಣುವುದು ‘ಈಥ್0’ ಎಂಬ ತಂತಿ ನೆಟ್‌ವರ್ಕಿನ ವೇಷ ಮಾತ್ರ. ವೈಫೈ ಪರೀಕ್ಷೆಗೆ ಯುಎಸ್‌ಬಿ ಅಡಾಪ್ಟರ್ ಬೇಕು, ಇಲ್ಲವೇ ಪೆನ್‌ಡ್ರೈವ್‌ನಿಂದ ಕಾಲಿಯನ್ನೇ ಬೂಟ್ ಮಾಡಬೇಕು. (ಕಮಾಂಡ್‌ಗಳನ್ನು ಇಲ್ಲಿ ಓದುವಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ.)

ಅಡಾಪ್ಟರ್ ಕೊಳ್ಳುವಾಗ ಡಬ್ಬಿಯ ಮೇಲಿನ ಹೆಸರು ನಂಬಿ ಕೆಡಬೇಡಿ. ಟಿಪಿ-ಲಿಂಕ್ ಟಿಎಲ್-ಡಬ್ಲ್ಯೂಎನ್722ಎನ್ ಇದಕ್ಕೆ ಹಳೆಯ ಉದಾಹರಣೆ. ಮೊದಲ ಆವೃತ್ತಿಯಲ್ಲಿದ್ದದ್ದು ಅಥೆರಾಸ್ ಎಆರ್9271 ಚಿಪ್. ಕರ್ನಲ್‌ನಲ್ಲೇ (ಲಿನಕ್ಸಿನ ತಿರುಳು) ಡ್ರೈವರ್ ಇದೆ, ಮಾನಿಟರ್ ಮೋಡ್ (ಸುತ್ತಲಿನ ವೈಫೈ ಸಂಚಾರವನ್ನೆಲ್ಲ ಕೇಳಿಸಿಕೊಳ್ಳುವ ಸ್ಥಿತಿ) ಸಲೀಸು. ಎರಡು ಮತ್ತು ಮೂರನೇ ಆವೃತ್ತಿಯ ಹೆಸರೂ ಅದೇ, ಒಳಗಿರುವುದು ಮಾತ್ರ ರಿಯಲ್‌ಟೆಕ್ ಆರ್‌ಟಿಎಲ್8188ಇಯುಎಸ್. ಅದಕ್ಕೆ ಬೇರೆ ಡ್ರೈವರ್ ಹಾಕುವ ಕೆಲಸ ತಲೆಗೆ ಬೀಳಬಹುದು. ತಲೆನೋವು ಬೇಡ ಎನ್ನುವವರಿಗೆ ರಾಲಿಂಕ್ ಆರ್‌ಟಿ3070, ಅಥವಾ 5 ಗಿಗಾಹರ್ಟ್ಸ್ ಬೇಕಿದ್ದರೆ ಮೀಡಿಯಾಟೆಕ್ ಎಂಟಿ7612ಯು ಒಳ್ಳೆಯದು.

ಅಡಾಪ್ಟರ್ ಚುಚ್ಚಿ, ವರ್ಚುವಲ್‌ಬಾಕ್ಸ್‌ನ ಡಿವೈಸಸ್ ಮೆನುವಿನಲ್ಲಿ ಯುಎಸ್‌ಬಿ ಪಟ್ಟಿಗೆ ಹೋಗಿ ಅದಕ್ಕೆ ಟಿಕ್ ಹಾಕಿ. ಬಳಿಕ ‘ಎಲ್‌ಎಸ್‌ಯುಎಸ್‌ಬಿ’ ಹೊಡೆಯಿರಿ, ಯುಎಸ್‌ಬಿ ಸಾಧನಗಳ ಪಟ್ಟಿ ಬರುತ್ತದೆ. ಸಾಲಿನಲ್ಲಿ ಐಡಿಯ ಕೊನೆಗೆ 9271 ಎಂದಿದ್ದರೆ ಅಥೆರಾಸ್. 2357:010ಸಿ ಎಂದಿದ್ದರೆ ಮೇಲೆ ಹೇಳಿದ ರಿಯಲ್‌ಟೆಕ್. ಸಾಲೇ ಇಲ್ಲದಿದ್ದರೆ ಡ್ರೈವರ್ ಹುಡುಕಿ ಪ್ರಯೋಜನವಿಲ್ಲ, ಕಾರ್ಡ್ ಇನ್ನೂ ಒಳಗೆ ಬಂದೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ 2.0 ಅಥವಾ 3.0 ಕಂಟ್ರೋಲರ್ ಆರಿಸಿ. ವರ್ಚುವಲ್‌ಬಾಕ್ಸ್ 7.0ಕ್ಕಿಂತ ಹಳೆಯದಾದರೆ ಎಕ್ಸ್‌ಟೆನ್ಷನ್ ಪ್ಯಾಕ್ ಕೂಡ ಬೇಕು. ಹೊರಗಿರುವುದೂ ಲಿನಕ್ಸ್ ಆದರೆ ನಿಮ್ಮ ಯೂಸರ್ ‘ವಿಬಾಕ್ಸ್‌ಯೂಸರ್ಸ್’ ಗುಂಪಿನಲ್ಲಿರಬೇಕು.

ಎಲ್‌ಎಸ್‌ಯುಎಸ್‌ಬಿಯಲ್ಲಿ ಕಂಡರೂ ‘ಡಬ್ಲ್ಯೂಲ್ಯಾನ್0’ ಹುಟ್ಟದಿದ್ದರೆ ‘ಸುಡೊ ಡಿಎಂಇಎಸ್‌ಜಿ’ ಹೊಡೆದು ಕರ್ನಲ್ಲಿನ ಸಂದೇಶಗಳನ್ನು ಓದಿ. ಫರ್ಮ್‌ವೇರ್ (ಚಿಪ್‌ಗೆ ತುಂಬುವ ಪುಟ್ಟ ತಂತ್ರಾಂಶ) ಸಿಗಲಿಲ್ಲ ಎಂಬ ಗೊಣಗಾಟ ಅಲ್ಲಿದ್ದರೆ, ಎಆರ್9271ಗೆ ‘ಫರ್ಮ್‌ವೇರ್-ಅಥೆರಾಸ್’ ಪ್ಯಾಕೇಜ್ ಸಾಕು. ಆರ್‌ಟಿಎಲ್8812ಎಯು ಇದ್ದವರು ಮೊದಲು ಹಾಗೆಯೇ ಚುಚ್ಚಿ ನೋಡಿ, ಇತ್ತೀಚಿನ ಕರ್ನಲ್‌ಗಳಲ್ಲಿ ಇದಕ್ಕೂ ಡ್ರೈವರ್ ಬರುತ್ತಿದೆ. ಆಗದಿದ್ದರೆ ‘ರಿಯಲ್‌ಟೆಕ್-ಆರ್‌ಟಿಎಲ್88ಎಕ್ಸ್‌ಎಕ್ಸ್‌ಎಯು-ಡಿಕೆಎಂಎಸ್’ ಹಾಕಿ. ಇದು ನಿಮ್ಮ ಯಂತ್ರದಲ್ಲೇ ಕಂಪೈಲ್ ಆಗುವ ಡ್ರೈವರ್, ಹಾಗಾಗಿ ಓಡುತ್ತಿರುವ ಕರ್ನಲ್ಲಿನ ಹೆಡರ್‌ಗಳೇ (ಕಂಪೈಲ್ ಮಾಡಲು ಬೇಕಾದ ಕಡತಗಳು) ಬೇಕು. ನಾನೊಮ್ಮೆ ಅಪ್‌ಗ್ರೇಡ್ ಮಾಡಿ ರೀಬೂಟ್ ಮಾಡದೆ ಇಡೀ ಸಂಜೆ ಇದರೊಡನೆ ಗುದ್ದಾಡಿದ್ದೇನೆ: ಹೆಡರ್ ಹೊಸದು, ಓಡುತ್ತಿದ್ದ ಕರ್ನಲ್ ಹಳೆಯದು. ‘ಯುನೇಮ್ -ಆರ್’ ಹೊಡೆದಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ನೇರ ಬೂಟ್ ಮಾಡಿದವರ ಯಂತ್ರದಲ್ಲಿ ಸೆಕ್ಯೂರ್ ಬೂಟ್ ಚಾಲೂ ಇದ್ದರೆ, ಸಹಿಯಿಲ್ಲದ ಇಂಥ ಡ್ರೈವರನ್ನು ಅದು ಒಳಗೆ ಬಿಡದೇ ಇರಬಹುದು.

ಕಾರ್ಡ್ ಇದ್ದೂ ಏಳದಿದ್ದರೆ ‘ಆರ್‌ಎಫ್‌ಕಿಲ್ ಲಿಸ್ಟ್’. ಸಾಫ್ಟ್ ಬ್ಲಾಕ್ (ತಂತ್ರಾಂಶದ ತಡೆ) ಆಗಿದ್ದರೆ ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’; ಹಾರ್ಡ್ ಬ್ಲಾಕ್ ಆಗಿದ್ದರೆ ಯಂತ್ರದ ಮೇಲಿನ ವೈಫೈ ಗುಂಡಿ ಹುಡುಕಿ.

ಇನ್ನು ಮಾನಿಟರ್ ಮೋಡ್. ‘ಐಡಬ್ಲ್ಯೂ ಲಿಸ್ಟ್’ ಉದ್ದಕ್ಕೆ ಸುರಿಯುತ್ತದೆ. ಅದರಲ್ಲಿ ‘ಸಪೋರ್ಟೆಡ್ ಇಂಟರ್‌ಫೇಸ್ ಮೋಡ್ಸ್’ ಕೆಳಗೆ ಮಾನಿಟರ್ ಇದೆಯೇ ನೋಡಿ. ಇದ್ದರೆ ‘ಸುಡೊ ಏರ್‌ಮಾನ್-ಎನ್‌ಜಿ ಚೆಕ್ ಕಿಲ್’. ಅಡ್ಡಬರುವ ನೆಟ್‌ವರ್ಕ್‌ಮ್ಯಾನೇಜರನ್ನು ಇದು ಕೊಲ್ಲುವುದರಿಂದ ಇಂಟರ್ನೆಟ್ಟೂ ಹೋಗಬಹುದು, ಬೇಕಾದ ಪ್ಯಾಕೇಜ್‌ಗಳನ್ನು ಮೊದಲೇ ಇಳಿಸಿಕೊಂಡಿರಿ. ಆಮೇಲೆ ‘ಸುಡೊ ಏರ್‌ಮಾನ್-ಎನ್‌ಜಿ ಸ್ಟಾರ್ಟ್ ಡಬ್ಲ್ಯೂಲ್ಯಾನ್0’. ಹೆಸರು ಸಾಮಾನ್ಯವಾಗಿ ‘ಡಬ್ಲ್ಯೂಲ್ಯಾನ್0ಮಾನ್’ ಆಗುತ್ತದೆ, ಕೆಲವು ಡ್ರೈವರ್‌ಗಳಲ್ಲಿ ಹಳೆಯದೇ ಉಳಿಯುತ್ತದೆ. ‘ಐಡಬ್ಲ್ಯೂ ಡೆವ್’ನಲ್ಲಿ ‘ಟೈಪ್ ಮಾನಿಟರ್’ ಎಂದು ಬಂದರೆ ಸೈ.

ಕೇಳಿಸಿಕೊಳ್ಳುವ ಕಾರ್ಡೆಲ್ಲ ಮಾತಾಡುವುದಿಲ್ಲ. ಪ್ಯಾಕೆಟ್ ಇಂಜೆಕ್ಷನ್ (ನಾವೇ ಕಟ್ಟಿದ ಪ್ಯಾಕೆಟ್ ಗಾಳಿಗೆ ಬಿಡುವುದು) ಆಗುತ್ತದೆಯೇ ಎಂದು ‘ಸುಡೊ ಏರಿಪ್ಲೇ-ಎನ್‌ಜಿ --ಟೆಸ್ಟ್’ ಕೊಟ್ಟು, ಮುಂದೆ ಇಂಟರ್‌ಫೇಸಿನ ಹೆಸರು ಬರೆದು ನೋಡಿ. ನಿಮ್ಮದೇ ರೂಟರ್ ಮೇಲೆ, ಇಲ್ಲವೇ ಲಿಖಿತ ಒಪ್ಪಿಗೆ ಇರುವ ನೆಟ್‌ವರ್ಕ್ ಮೇಲೆ ಮಾತ್ರ. ಪಕ್ಕದ ಮನೆಯ ವೈಫೈ ಪ್ರಯೋಗಶಾಲೆಯಲ್ಲ. ಕಾರ್ಡ್ ಮೊದಲು ಆ ರೂಟರಿನ ಚಾನೆಲ್‌ನಲ್ಲಿರಬೇಕು, ಇಲ್ಲದಿದ್ದರೆ ಒಳ್ಳೆಯ ಕಾರ್ಡೂ ಫೇಲ್ ಎನ್ನುತ್ತದೆ.

ಮುಗಿದ ಮೇಲೆ ಏರ್‌ಮಾನ್-ಎನ್‌ಜಿಗೆ ‘ಸ್ಟಾಪ್’ ಹೇಳಿ, ‘ಸುಡೊ ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್ ನೆಟ್‌ವರ್ಕ್‌ಮ್ಯಾನೇಜರ್’ ಹೊಡೆದರೆ ಇಂಟರ್ನೆಟ್ ಮರಳುತ್ತದೆ. ಈ ಒಂದು ಹೆಸರಿನಲ್ಲಿ ಮಾತ್ರ ‘ಎನ್’ ಮತ್ತು ‘ಎಂ’ ದೊಡ್ಡಕ್ಷರ.